ಮೊಣಕೈ ಇಲ್ಲದವರ ಲೋಕ: ಹಳೆಯ ಕಪ್ಪು-ಬಿಳುಪು ಕಾರ್ಟೂನುಗಳ ವಿಚಿತ್ರ ಸೊಗಸು

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ರಜೆಯಲ್ಲಿ ಯೂಟ್ಯೂಬ್ ನೋಡುವಾಗ ತೊಂಬತ್ತು, ನೂರು ವರ್ಷ ಹಳೆಯ ಕಪ್ಪು-ಬಿಳುಪು ಕಾರ್ಟೂನುಗಳು ಕಣ್ಣಿಗೆ ಬಿದ್ದವು. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ನಾನೂ ಪಕ್ಕದಲ್ಲಿ ಕೂತು ನೋಡುತ್ತೇನೆ. ನನಗೆ ನಗುವಿನ ಜೊತೆ ಒಂಥರಾ ಕಸಿವಿಸಿಯೂ ಆಗುತ್ತದೆ. ಕಥೆ ಅಂತ ಏನೂ ಇಲ್ಲ. ಕುರ್ಚಿ, ಮರ, ಮನೆ ಎಲ್ಲವೂ ಸುಮ್ನೆ ಕುಣಿಯುತ್ತಿರುತ್ತವೆ. ಆದರೂ ನೋಡೋದು ಬಿಡೋಕೆ ಆಗ್ತಿಲ್ಲ. ಇವುಗಳಲ್ಲಿ ಅಂಥದ್ದೇನಿದೆ? ಮಕ್ಕಳಿಗೆ ತೋರಿಸಬಹುದೇ? ತೋರಿಸುವುದಾದರೆ ಯಾವುದರಿಂದ ಶುರು ಮಾಡಲಿ?

ಉತ್ತರ: ನಿಮ್ಮ ಮಗಳ ನಗು, ನಿಮ್ಮ ಕಸಿವಿಸಿ ಎರಡೂ ಒಂದೇ ಜಾಗದಿಂದ ಬರುತ್ತಿವೆ. ಆ ಕಾರ್ಟೂನುಗಳಲ್ಲಿ ಕಾಣುವುದೆಲ್ಲ ಶಾಯಿ. ತಾನು ಶಾಯಿ ಅನ್ನುವುದನ್ನು ಅದು ಒಂದು ಕ್ಷಣವೂ ಮುಚ್ಚಿಡುವುದಿಲ್ಲ. ಶಾಯಿಗೆ ಮೂಳೆ ಇಲ್ಲ, ತೂಕ ಇಲ್ಲ, ಸಾವು ಇಲ್ಲ. ಬೆಕ್ಕು ಬೇಕೆಂದರೆ ಚೀಲವಾಗಬಹುದು, ಹಸು ಬೇಕೆಂದರೆ ವಾದ್ಯವಾಗಬಹುದು. ಮಕ್ಕಳಿಗೆ ಇದು ಸಹಜ. ನಮಗೆ, ಅಂದರೆ ವಸ್ತುಗಳು ತಮ್ಮ ಜಾಗದಲ್ಲಿ ತಾವು ಇರಬೇಕು ಅಂತ ನಂಬಿರುವ ದೊಡ್ಡವರಿಗೆ, ಸ್ವಲ್ಪ ದಿಗಿಲು.

ನೀವು ಹೇಳುತ್ತಿರುವುದು ಸುಮಾರು 1919ರಿಂದ 1934ರವರೆಗೆ ಅಮೆರಿಕದಲ್ಲಿ, ಅದರಲ್ಲೂ ಹೆಚ್ಚಾಗಿ ನ್ಯೂಯಾರ್ಕಿನಲ್ಲಿ ತಯಾರಾದ ಕಾರ್ಟೂನುಗಳ ಬಗ್ಗೆ ಇರಬೇಕು. ನಾನು ಅನಿಮೇಷನ್ ಪಾಠ ಮಾಡುವವನು. ಹೊಸ ವಿದ್ಯಾರ್ಥಿಗಳಿಗೆ ಮೊದಲು ತೋರಿಸುವುದು ಇವನ್ನೇ. ಯಾಕೆ ಅಂತ ಹೇಳುತ್ತೇನೆ.

ಮೊದಲು ಬೀಳುವ, ಜಾರುವ, ಏಟು ತಿನ್ನುವ ಹಾಸ್ಯವನ್ನೇ ತೆಗೆದುಕೊಳ್ಳಿ. ಮೂಕಿ ಚಿತ್ರಗಳ ಕಾಲದಲ್ಲಿ ಚಾಪ್ಲಿನ್, ಬಸ್ಟರ್ ಕೀಟನ್ ಇದರಲ್ಲಿ ದೊರೆಗಳು. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಕೀಟನ್ ಬೀದಿಯಲ್ಲಿ ನಿಂತಿರುತ್ತಾನೆ. ಹಿಂದಿದ್ದ ಮನೆಯ ಮುಂಭಾಗದ ಗೋಡೆ ಪೂರ್ತಿ ಅವನ ಮೇಲೆ ಬೀಳುತ್ತದೆ. ತೆರೆದ ಕಿಟಕಿಯ ಜಾಗ ಸರಿಯಾಗಿ ಅವನು ನಿಂತಲ್ಲೇ ಬರುವುದರಿಂದ ಅವನಿಗೆ ಏನೂ ಆಗುವುದಿಲ್ಲ. ಅದು ನಿಜವಾದ ಭಾರದ ಗೋಡೆ. ಲೆಕ್ಕ ಕೆಲವು ಅಂಗುಲ ತಪ್ಪಿದ್ದರೂ ಮನುಷ್ಯ ಉಳಿಯುತ್ತಿರಲಿಲ್ಲ. ಇವತ್ತಿಗೂ ಆ ದೃಶ್ಯ ಬಂದಾಗ ಎದೆ ಝಲ್ಲೆನ್ನುತ್ತದೆ. ನಗು ಬರುವುದು ಆಮೇಲೆ.

ಅದೇ ಗೋಡೆಯನ್ನು ಬರೆದು ತೋರಿಸಿ. ಎದೆ ಝಲ್ ಅನ್ನುವುದಿಲ್ಲ. ಬರೆದ ಮನುಷ್ಯನಿಗೆ ಏನಾಗುತ್ತದೆ? ಚಪ್ಪಟೆಯಾದರೆ ಮುಂದಿನ ಹಾಳೆಯಲ್ಲಿ ಮತ್ತೆ ದುಂಡಗಾಗುತ್ತಾನೆ. ಅಪಾಯ ಇಲ್ಲದ ಕಡೆ ಬೀಳುವುದಕ್ಕೆ ಬೆಲೆಯೂ ಇಲ್ಲ. ಮೊದಲ ಕಾರ್ಟೂನುಗಾರರಿಗೆ ಇದು ಬೇಗನೆ ಗೊತ್ತಾಯಿತು. ಅವರಲ್ಲಿ ತುಂಬಾ ಜನ ಸುಮ್ಮನೆ ನೆಲಕ್ಕೆ ಬೀಳುವ ಬೆಕ್ಕು ನಾಯಿಗಳನ್ನು ಬರೆದು ಕೈತೊಳೆದುಕೊಂಡರು. ಆ ಚಿತ್ರಗಳನ್ನು ಈಗ ನೋಡಿದರೆ ಆಕಳಿಕೆ ಬರುತ್ತದೆ. ಬುದ್ಧಿವಂತರು ಮಾತ್ರ ಬೇರೆ ದಾರಿ ಹಿಡಿದರು. ನಿಜವಾದ ನಟ ಮಾಡಲಾಗದ ಕೆಲಸ ಯಾವುದು ಅಂತ ಕೇಳಿಕೊಂಡರು. ಉತ್ತರ ಕಣ್ಣೆದುರೇ ಇತ್ತು: ರೂಪ ಬದಲಿಸುವುದು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು ಫೆಲಿಕ್ಸ್ ಎಂಬ ಕರಿಬೆಕ್ಕು. 1919ರಲ್ಲಿ ‘ಫೀಲೈನ್ ಫಾಲೀಸ್’ ಎಂಬ ಪುಟ್ಟ ಚಿತ್ರದಲ್ಲಿ ಅವನು ಮೊದಲು ಬಂದ. ಆಗ ಹೆಸರು ಮಾಸ್ಟರ್ ಟಾಮ್. ಪ್ಯಾಟ್ ಸುಲಿವನ್ ಅವರ ಸ್ಟುಡಿಯೋದ ಚಿತ್ರ ಅದು, ಪರದೆಯ ಮೇಲೆ ಅವರದೇ ಹೆಸರು. ಹೆಸರು ಬಾರದ ಕೈ ಆಟೋ ಮೆಸ್ಮರ್ ಅವರದು. ಮೆಸ್ಮರ್ ಅದಕ್ಕೂ ಮೊದಲು ಚಾಪ್ಲಿನ್ ಪಾತ್ರದ ಕಾರ್ಟೂನುಗಳನ್ನು ಬರೆದಿದ್ದರು. ಚಾಪ್ಲಿನ್ ಫೋಟೋಗಳನ್ನು ಮುಂದಿಟ್ಟುಕೊಂಡು, ಭುಜ ಹೇಗೆ ಕುಣಿಯುತ್ತದೆ, ತಿರುಗುವಾಗ ಕಾಲು ಹೇಗೆ ನಿಲ್ಲುತ್ತದೆ ಅಂತ ಕಲಿತರು. ಫೆಲಿಕ್ಸ್ ನಡಿಗೆ ಗಮನಿಸಿ: ಕೈ ಬೆನ್ನ ಹಿಂದೆ, ತಲೆ ಬಗ್ಗಿಸಿ, ಅತ್ತಿಂದಿತ್ತ ಶತಪಥ. ಬೆಕ್ಕು ಯೋಚನೆ ಮಾಡುತ್ತಿದೆ! ಪರದೆಯ ಮೇಲೆ ಬರೆದ ಪಾತ್ರವೊಂದು ಹೀಗೆ ನಿಂತು ಯೋಚಿಸುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಯೋಚನೆ ಮುಗಿದ ಮೇಲೆ ಅವನು ಮಾಡುವುದನ್ನು ನೋಡಬೇಕು. ಬಾಲವನ್ನು ಕಿತ್ತು ಕೈಯಲ್ಲಿ ಹಿಡಿಯುತ್ತಾನೆ. ಅದು ಕೋಲಾಗುತ್ತದೆ, ಗಾಳವಾಗುತ್ತದೆ, ಏನು ಬೇಕೋ ಅದಾಗುತ್ತದೆ. ತಲೆಯ ಮೇಲೆ ಮೂಡಿದ ಪ್ರಶ್ನಾರ್ಥಕ ಚಿಹ್ನೆಯನ್ನೇ ಹಿಡಿದೆಳೆದು ಕೊಕ್ಕೆ ಮಾಡಿಕೊಳ್ಳುತ್ತಾನೆ. ಅಂದರೆ ಬಾಲವೂ ಗೆರೆ, ಚಿಹ್ನೆಯೂ ಗೆರೆ, ಎರಡಕ್ಕೂ ವ್ಯತ್ಯಾಸವಿಲ್ಲ ಅಂತ ಬೆಕ್ಕಿಗೆ ಗೊತ್ತು. 1923ರ ‘ಫೆಲಿಕ್ಸ್ ಇನ್ ಹಾಲಿವುಡ್’ ಚಿತ್ರದಲ್ಲಿ ಯಜಮಾನ ಇವನನ್ನು ಬಿಟ್ಟು ಹಾಲಿವುಡ್ಡಿಗೆ ಹೊರಡುತ್ತಾನೆ. ಫೆಲಿಕ್ಸ್ ತಾನೇ ಮೈ ಮಡಚಿ ಕರಿಯ ಚೀಲವಾಗಿ ಅವನ ಕೈ ಸೇರಿ ಹೋಗುತ್ತಾನೆ. ಅಲ್ಲಿ ಬಾಲವನ್ನು ಕೋಲು ಮಾಡಿಕೊಂಡು ಚಾಪ್ಲಿನ್ ಥರ ನಡೆದು ತೋರಿಸುತ್ತಾನೆ. ಕಾರ್ಟೂನಿನ ಚಾಪ್ಲಿನ್ ಬಂದು ‘ನನ್ನ ವಿದ್ಯೆ ಕದಿಯುತ್ತೀಯಾ’ ಅಂತ ರೇಗುತ್ತಾನೆ. ಹೌದು, ಕದ್ದದ್ದೇ. ಚಿತ್ರವೇ ಅದನ್ನು ಒಪ್ಪಿಕೊಂಡು ನಗುತ್ತಿದೆ.

ಈಗ ಸ್ವಲ್ಪ ಕಾರ್ಖಾನೆಯೊಳಗೆ ಬನ್ನಿ. ಯಾಕೆಂದರೆ ನೀವು ಸೊಗಸು ಅಂತ ನೋಡುತ್ತಿರುವುದರಲ್ಲಿ ಮುಕ್ಕಾಲು ಪಾಲು ದುಡ್ಡು ಇಲ್ಲದ್ದರಿಂದ, ಸಮಯ ಇಲ್ಲದ್ದರಿಂದ ಹುಟ್ಟಿದ್ದು.

1914ರಲ್ಲಿ ವಿನ್ಸರ್ ಮೆಕೇ ಗರ್ಟೀ ಎಂಬ ಡೈನೋಸಾರನ್ನು ಕುಣಿಸಿದಾಗ, ಪ್ರತಿ ಹಾಳೆಯಲ್ಲೂ ಪ್ರಾಣಿಯ ಜೊತೆ ಹಿಂದಿನ ಬಂಡೆ, ನೆಲ, ಮರವನ್ನೂ ಮತ್ತೆ ಮತ್ತೆ ಬರೆಯಬೇಕಿತ್ತು. ಸಾವಿರಾರು ಹಾಳೆ. ಸಹಾಯಕನೊಬ್ಬ ಕೂತು ಹಿನ್ನೆಲೆಯನ್ನು ನಕಲು ಮಾಡುತ್ತಿದ್ದ. ಎಷ್ಟೇ ಹುಷಾರಾಗಿ ಬರೆದರೂ ಗೆರೆ ಒಂದು ಕೂದಲಷ್ಟು ಅತ್ತಿತ್ತ ಆಗುತ್ತದೆ. ಹಾಗಾಗಿ ಬಂಡೆ ಕೂಡ ನಡುಗುತ್ತದೆ, ನಿಂತ ನೆಲವೂ ಉಸಿರಾಡುತ್ತದೆ. ಇಂದು ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ಆ ನಡುಕವನ್ನು ಬೇಕಂತಲೇ ಸೇರಿಸುತ್ತಾರೆ. ಮೆಕೇಗೆ ಅದು ತಪ್ಪಿಸಲಾಗದ ಕಾಟ.

ಆ ಕಾಟ ತಪ್ಪಿಸಿದ್ದು ಸೆಲ್, ಅಂದರೆ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆ. ಹಿನ್ನೆಲೆ ಒಂದೇ ಸಲ ಬರೆದು, ಅದರ ಮೇಲೆ ಪಾತ್ರದ ಹಾಳೆಯನ್ನು ಮಾತ್ರ ಬದಲಿಸುತ್ತಾ ಹೋಗುವುದು. ಅರ್ಲ್ ಹರ್ಡ್ ಇದರ ಪೇಟೆಂಟಿಗೆ 1914ರಲ್ಲಿ ಅರ್ಜಿ ಹಾಕಿದರು. ಜಾನ್ ಬ್ರೇ ಎಂಬ ಸ್ಟುಡಿಯೋ ಮಾಲೀಕರ ಜೊತೆ ಸೇರಿ ಉಳಿದವರಿಂದ ಶುಲ್ಕ ವಸೂಲಿ ಮಾಡಿದರು. ಸೆಲ್ ಹಾಳೆಯೂ ದುಬಾರಿ. ಫೆಲಿಕ್ಸ್ ಸ್ಟುಡಿಯೋದವರು ಇದಕ್ಕೊಂದು ಉಪಾಯ ಮಾಡಿದರು, ನಾವು ಊಹಿಸುವುದಕ್ಕೆ ಪೂರ್ತಿ ಉಲ್ಟಾ. ಬೆಕ್ಕನ್ನು ಸಾಮಾನ್ಯ ಕಾಗದದ ಮೇಲೆ ಬರೆದರು. ಮನೆ, ಬೇಲಿ, ಮರವನ್ನು ಒಂದೇ ಒಂದು ಸೆಲ್ ಮೇಲೆ ಬರೆದು ಎಲ್ಲಾ ಕಾಗದಗಳ ಮೇಲೂ ಅದನ್ನೇ ಹೊದಿಸಿದರು. ಬೆಕ್ಕು ಬೇಲಿಯನ್ನು ಹಾದು ಹೋದರೆ ಎರಡೂ ಗೆರೆ ಕಲಸಿಹೋಗುತ್ತವೆ. ಆದ್ದರಿಂದ ಬೆಕ್ಕು ಓಡಾಡುವ ಜಾಗವನ್ನು ಖಾಲಿ ಬಿಡಬೇಕು. ಆ ಚಿತ್ರಗಳಲ್ಲಿ ಅಷ್ಟೊಂದು ಬಿಳಿ ಬಯಲು, ಅದರ ನಡುವೆ ಒಂದು ಕರಿಯ ಆಕೃತಿ ಕಾಣುತ್ತದಲ್ಲ, ಅದರ ಗುಟ್ಟು ಇದು. ನನಗಂತೂ ಆ ಖಾಲಿ ಜಾಗವೇ ಫೆಲಿಕ್ಸ್ ಚಿತ್ರಗಳ ಜೀವ. ಕಣ್ಣಿಗೆ ಬೇರೆ ಕೆಲಸವೇ ಇಲ್ಲ, ಬೆಕ್ಕನ್ನೇ ನೋಡಬೇಕು.

ಬೆಕ್ಕು ಕರಿಯ ಬಣ್ಣದ್ದೇ ಯಾಕೆ? ಮೆಸ್ಮರ್ ಅವರೇ ಕಾರಣ ಹೇಳಿದ್ದಾರೆ. ಮೈ ಪೂರ್ತಿ ಕಪ್ಪು ತುಂಬಿಬಿಟ್ಟರೆ ಒಳಗಿನ ಗೆರೆಗಳನ್ನು ಬರೆಯುವ ಶ್ರಮ ಉಳಿಯುತ್ತದೆ. ತುಂಬಿದ ಕಪ್ಪು ಪರದೆಯ ಮೇಲೆ ಚೆನ್ನಾಗಿ ಚಲಿಸುತ್ತದೆ ಕೂಡ. ಬರೀ ಗೆರೆಯ ಆಕೃತಿ ಓಡಿದರೆ ಕಣ್ಣಿಗೆ ಸಿಗುವುದಿಲ್ಲ, ಕಪ್ಪು ಮುದ್ದೆ ಓಡಿದರೆ ಸಿಗುತ್ತದೆ. ಇಂಥ ಗಾಢವಾದ ಕಪ್ಪು-ಬಿಳುಪು ಇದ್ದದ್ದಕ್ಕೇ ಏನೋ, 1920ರ ದಶಕದ ಕೊನೆಯಲ್ಲಿ ಟೆಲಿವಿಷನ್ ಪ್ರಯೋಗ ನಡೆಸುತ್ತಿದ್ದ ಆರ್‌ಸಿಎ ಕಂಪನಿ ಕ್ಯಾಮೆರಾ ಮುಂದೆ ಕಾಗದದ ಮುದ್ದೆಯಲ್ಲಿ ಮಾಡಿದ ಫೆಲಿಕ್ಸ್ ಗೊಂಬೆಯನ್ನು ತಿರುಗಿಸುತ್ತಾ ಇಟ್ಟಿತ್ತು.

ಕೈಕಾಲುಗಳ ವಿಷಯವೂ ಇದೇ. ಆ ಪಾತ್ರಗಳಿಗೆ ಮೊಣಕೈ, ಮೊಣಕಾಲು ಇಲ್ಲ. ರಬ್ಬರ್ ಪೈಪಿನಂತೆ ಬಳುಕುತ್ತವೆ. ಕಸುಬಿನವರು ಈ ಶೈಲಿಯನ್ನು ‘ರಬ್ಬರ್ ಹೋಸ್’ ಎಂದೇ ಕರೆಯುತ್ತಾರೆ. ಬಿಲ್ ನೋಲನ್ ಎಂಬ ಚಿತ್ರಕಾರ ಇದನ್ನು ಬಳಕೆಗೆ ತಂದರು ಎನ್ನುತ್ತಾರೆ. ಮೊದಮೊದಲು ಮೂಲೆ ಮೂಲೆಯಾಗಿ ಒರಟಾಗಿದ್ದ ಫೆಲಿಕ್ಸನ್ನು ದುಂಡಗೆ ಮಾಡಿದ್ದೂ ಅವರೇ. ಮೊಣಕೈ ಇದ್ದರೆ ಅದು ಎಲ್ಲಿ ಮಡಚಬೇಕು, ಎಷ್ಟು ಮಡಚಬೇಕು ಅಂತ ಪ್ರತಿ ಹಾಳೆಯಲ್ಲೂ ಲೆಕ್ಕ ಹಾಕಬೇಕು. ಪೈಪಾದರೆ ಒಂದು ಬಾಗಿದ ಗೆರೆ ಸಾಕು. ತಲೆ ಒಂದು ವೃತ್ತ, ಹೊಟ್ಟೆ ಇನ್ನೊಂದು ವೃತ್ತ. ಬೆರಳು ನಾಲ್ಕೇ, ಐದನೆಯದನ್ನು ಬರೆಯಲು ಸಮಯ ಯಾರಿಗಿದೆ? ಲೆಕ್ಕ ನೋಡಿ: ಸೆಕೆಂಡಿಗೆ 24 ಫ್ರೇಮಿನಂತೆ (ಫ್ರೇಮು ಅಂದರೆ ಫಿಲ್ಮಿನ ಒಂದು ಬಿಡಿ ಫೋಟೋ) ಏಳು ನಿಮಿಷಕ್ಕೆ 10,080 ಫ್ರೇಮು. ಒಂದೊಂದು ಚಿತ್ರವನ್ನು ಎರಡೆರಡು ಸಲ ಫೋಟೋ ತೆಗೆದರೂ ಐದು ಸಾವಿರಕ್ಕಿಂತ ಜಾಸ್ತಿ. ಒಂದು ಬೆರಳು ಉಳಿಸಿದರೆ ಎಷ್ಟು ಉಳಿಯಿತು ಅಂತ ನೀವೇ ಗುಣಿಸಿಕೊಳ್ಳಿ.

ಆದರೆ ಈ ಜುಗ್ಗತನ ಬೇರೆಯದೇ ಒಂದು ಲೋಕವನ್ನು ಕಟ್ಟಿತು. ಮೊಣಕೈ ಇಲ್ಲದ ತೋಳು ಎಷ್ಟು ಬೇಕಾದರೂ ಉದ್ದವಾಗಬಹುದು. ಎರಡು ವೃತ್ತದ ಪ್ರಾಣಿ ಸುಲಭವಾಗಿ ಇನ್ನೊಂದು ಪ್ರಾಣಿಯಾಗಬಹುದು. ಕುರ್ಚಿಗೂ ನಾಯಿಗೂ ಒಂದೇ ಥರದ ಕಾಲು ಇದ್ದರೆ, ಕುರ್ಚಿ ಎದ್ದು ಓಡುವುದರಲ್ಲಿ ಆಶ್ಚರ್ಯವೇನು? ನೀವು ಕೇಳಿದ ‘ಎಲ್ಲವೂ ಕುಣಿಯುತ್ತವೆ’ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧ ಸಂಗೀತದಲ್ಲಿದೆ. ಅದಕ್ಕೆ ಬರುವ ಮುನ್ನ ಕೋಕೋ ಎಂಬ ಕೋಡಂಗಿಯನ್ನು ನೋಡಿಬಿಡೋಣ. ಇವನನ್ನು ಬಿಟ್ಟರೆ ನಿಮ್ಮ ಕಸಿವಿಸಿ ಅರ್ಥವಾಗುವುದಿಲ್ಲ.

ಮ್ಯಾಕ್ಸ್ ಫ್ಲೈಶರ್ ಮತ್ತು ಅವರ ತಮ್ಮ ಡೇವ್ ಒಂದು ಯಂತ್ರ ಮಾಡಿದ್ದರು. ಹೆಸರು ರೋಟೋಸ್ಕೋಪ್, ಪೇಟೆಂಟ್ ಸಿಕ್ಕಿದ್ದು 1917ರಲ್ಲಿ. ನಿಜವಾದ ಮನುಷ್ಯನ ಚಲನೆಯನ್ನು ಕ್ಯಾಮೆರಾದಲ್ಲಿ ಹಿಡಿದು, ಒಂದೊಂದೇ ಫ್ರೇಮನ್ನು ಗಾಜಿನ ಮೇಲೆ ಬೀಳಿಸಿ, ಅದರ ಮೇಲೆ ಕಾಗದವಿಟ್ಟು ಗೆರೆ ಎಳೆಯುವುದು. ಡೇವ್ ಕೋಡಂಗಿಯ ಬಟ್ಟೆ ಹಾಕಿ ಕುಣಿದರು, ಮ್ಯಾಕ್ಸ್ ಅದನ್ನು ಬರೆದರು. ‘ಔಟ್ ಆಫ್ ದಿ ಇಂಕ್‌ವೆಲ್’ ಸರಣಿ ಹೀಗೆ ಹುಟ್ಟಿತು. ಈ ಸರಣಿಯಲ್ಲಿ ಮ್ಯಾಕ್ಸ್ ನಿಜವಾದ ಮೇಜಿನ ಮುಂದೆ ಕೂತಿರುತ್ತಾರೆ. ಕೋಕೋ ಶಾಯಿ ಕುಡಿಕೆಯಿಂದ ಹೊರಬರುತ್ತಾನೆ, ಮ್ಯಾಕ್ಸ್ ಜೊತೆ ಜಗಳ ಆಡುತ್ತಾನೆ, ನಿಜವಾದ ಕೋಣೆಯಲ್ಲೇ ಪುಂಡಾಟ ಮಾಡುತ್ತಾನೆ, ಕೊನೆಗೆ ಮತ್ತೆ ಕುಡಿಕೆಗೆ ಇಳಿಯುತ್ತಾನೆ. 1928ರ ‘ಕೋಕೋಸ್ ಅರ್ತ್ ಕಂಟ್ರೋಲ್’ನಲ್ಲಿ ಅವನೂ ಅವನ ನಾಯಿ ಫಿಟ್ಸೂ ಭೂಮಿಯನ್ನು ನಡೆಸುವ ಯಂತ್ರಗಳ ಕೋಣೆಗೆ ಹೋಗುತ್ತಾರೆ. ಒಂದು ಹಿಡಿಕೆ ಎಳೆದರೆ ಪ್ರಪಂಚವೇ ಮುಗಿಯುತ್ತದೆ ಅಂತ ಬರೆದಿದೆ. ನಾಯಿ ಎಳೆಯದೇ ಇರುತ್ತದೆಯೇ? ಆಮೇಲೆ ಕ್ಯಾಮೆರಾದಲ್ಲಿ ಸೆರೆಹಿಡಿದ ನಿಜವಾದ ನ್ಯೂಯಾರ್ಕ್ ಕಟ್ಟಡಗಳೇ ವಾಲಾಡುತ್ತವೆ. ಪ್ರಳಯವನ್ನು ಇಷ್ಟು ಹಗುರವಾಗಿ ತೆಗೆದುಕೊಂಡ ಹಾಸ್ಯ ನನಗೆ ಬೇರೆ ಗೊತ್ತಿಲ್ಲ.

ಈಗ ಸಂಗೀತ. 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲೊನಿ ಚಿತ್ರಮಂದಿರದಲ್ಲಿ ಡಿಸ್ನಿಯವರ ‘ಸ್ಟೀಮ್‌ಬೋಟ್ ವಿಲ್ಲಿ’ ತೆರೆಕಂಡಿತು. ಶಬ್ದ ಇದ್ದ ಮೊದಲ ಕಾರ್ಟೂನ್ ಅದಲ್ಲ. ಫ್ಲೈಶರ್ ಸೋದರರು ಅದಕ್ಕೂ ಮೊದಲೇ ಹಾಡಿನ ಕಾರ್ಟೂನು ಮಾಡಿದ್ದರು. ‘ಸ್ಟೀಮ್‌ಬೋಟ್ ವಿಲ್ಲಿ’ಯ ಹೊಸತನ ಬೇರೆ. ಮೂಕಿ ಕಾಲದಲ್ಲಿ ಪ್ರೊಜೆಕ್ಟರ್ ಓಡಿಸುವ ವೇಗ ಊರಿಂದೂರಿಗೆ ಬದಲಾಗುತ್ತಿತ್ತು. ಶಬ್ದ ಬಂದ ಮೇಲೆ ಅದು ಸೆಕೆಂಡಿಗೆ 24 ಫ್ರೇಮು ಅಂತ ಗಟ್ಟಿಯಾಯಿತು. ವೇಗ ಗಟ್ಟಿಯಾದರೆ ತಾಳವನ್ನು ಫ್ರೇಮಿನಲ್ಲಿ ಎಣಿಸಬಹುದು. ಹನ್ನೆರಡು ಫ್ರೇಮಿಗೊಂದು ಪೆಟ್ಟು ಇಟ್ಟರೆ ಸೆಕೆಂಡಿಗೆ ಎರಡು ಪೆಟ್ಟು. ಡಿಸ್ನಿ ಸ್ಟುಡಿಯೋದ ವಿಲ್ಫ್ರೆಡ್ ಜಾಕ್ಸನ್ ಮೆಟ್ರೋನೋಮ್ ಎಂಬ ತಾಳದ ಯಂತ್ರ ಇಟ್ಟುಕೊಂಡು ಈ ಲೆಕ್ಕ ಕೂಡಿಸಿದರು. ಯಾವ ಪೆಟ್ಟಿಗೆ ಕಾಲು ನೆಲ ಮುಟ್ಟಬೇಕು ಅನ್ನುವುದು ಬರೆಯುವ ಮೊದಲೇ ತೀರ್ಮಾನವಾಗುತ್ತಿತ್ತು.

ಅಲ್ಲಿಂದ ಮುಂದೆ ಕೆಲವು ವರ್ಷ ಯಾರೂ ಸುಮ್ಮನೆ ನಿಲ್ಲಲಿಲ್ಲ. ನಿಂತ ಪಾತ್ರ ಕೂಡ ಮೇಲೆ ಕೆಳಗೆ ಕುಪ್ಪಳಿಸುತ್ತಲೇ ಇರುತ್ತದೆ. ಬರೆದ ಚಿತ್ರ ಪೂರ್ತಿ ನಿಂತುಬಿಟ್ಟರೆ ಜೀವ ಹೋದಂತೆ ಕಾಣುತ್ತದೆ. ನಾಲ್ಕಾರು ಹಾಳೆಗಳ ಒಂದು ಕುಪ್ಪಳಿಕೆಯನ್ನು ಸುತ್ತಿ ಸುತ್ತಿ ತೋರಿಸಿದರೆ ಖರ್ಚಿಲ್ಲದೆ ಜೀವ ಬರುತ್ತದೆ. ಮರ, ಮನೆ, ಚಂದ್ರ ಕುಣಿಯುವುದಕ್ಕೂ ಇದೇ ಕಾರಣ. 1929ರ ‘ದಿ ಸ್ಕೆಲಿಟನ್ ಡ್ಯಾನ್ಸ್’ ನೋಡಿ. ಉಬ್ ಐವರ್ಕ್ಸ್ ಅವರ ಕೈಕೆಲಸ, ಕಾರ್ಲ್ ಸ್ಟಾಲಿಂಗ್ ಅವರ ಸಂಗೀತ. ಸ್ಮಶಾನದಲ್ಲಿ ನಾಲ್ಕು ಅಸ್ಥಿಪಂಜರಗಳು ಕುಣಿಯುತ್ತವೆ. ಒಂದು ಇನ್ನೊಂದರ ಬೆನ್ನುಮೂಳೆಯನ್ನೇ ವಾದ್ಯ ಮಾಡಿ ಬಾರಿಸುತ್ತದೆ. ಕಥೆ ಇಲ್ಲ, ಬೇಕಾಗಿಯೂ ಇಲ್ಲ. ಅದು ಕುಣಿತ, ಅಷ್ಟೇ. ಭರತನಾಟ್ಯದ ತಿಲ್ಲಾನದಲ್ಲಿ ಕಥೆ ಎಲ್ಲಿ ಅಂತ ನಾವು ಕೇಳುತ್ತೇವಾ?

‘ಸ್ಟೀಮ್‌ಬೋಟ್ ವಿಲ್ಲಿ’ಯ ಮಿಕ್ಕಿಯನ್ನು ನೋಡಿ ನಿಮಗೆ ಗಾಬರಿಯಾಗಿದ್ದರೆ ತಪ್ಪಿಲ್ಲ. ಈಗಿನ ಸಭ್ಯ ಮಿಕ್ಕಿ ಅಲ್ಲ ಇವನು. ಆಡು ಹಾಡಿನ ಹಾಳೆ ತಿಂದುಬಿಡುತ್ತದೆ. ಅದರ ಬಾಲವನ್ನು ಹಿಡಿಕೆಯಂತೆ ತಿರುಗಿಸಿದರೆ ಬಾಯಿಂದ ಹಾಡು ಬರುತ್ತದೆ. ಹಸುವಿನ ಹಲ್ಲುಗಳ ಮೇಲೆ ತಾಳ ಬಡಿಯುತ್ತಾನೆ. ಬೆಕ್ಕನ್ನು ಬಾಲ ಹಿಡಿದು ಗಿರಗಿರನೆ ತಿರುಗಿಸುತ್ತಾನೆ. ಹಾಲು ಕುಡಿಯುತ್ತಿರುವ ಹಂದಿಮರಿಗಳ ಬಾಲ ಎಳೆದು ಸ್ವರ ಹೊರಡಿಸುತ್ತಾನೆ. ಆ ಭಾಗವನ್ನು ಎಷ್ಟೋ ವರ್ಷ ಕತ್ತರಿಸಿಯೇ ತೋರಿಸುತ್ತಿದ್ದರು. ಕ್ರೌರ್ಯ ಅನ್ನಿಸಬಹುದು. ಆದರೆ ಗಮನಿಸಿ, ಯಾವ ಪ್ರಾಣಿಗೂ ಗಾಯವಾಗುವುದಿಲ್ಲ. ಅವು ಪ್ರಾಣಿಗಳಿಗಿಂತ ಹೆಚ್ಚಾಗಿ ಸ್ವರಗಳು. ಮಕ್ಕಳಿಗೆ ಈ ವ್ಯತ್ಯಾಸ ನಮಗಿಂತ ಬೇಗ ಹೊಳೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಕಸಿವಿಸಿ ನಿಜವಾಗಿ ಕಾಡುವುದು ಫ್ಲೈಶರ್ ಸ್ಟುಡಿಯೋದ 1930ರಿಂದ 33ರ ಚಿತ್ರಗಳಲ್ಲಿ. ಡಿಸ್ನಿ ಪಾತ್ರಗಳು ಹಳ್ಳಿಯವು: ಹಸು, ಕೊಟ್ಟಿಗೆ, ದೋಣಿ. ಫ್ಲೈಶರ್ ಪಾತ್ರಗಳು ನ್ಯೂಯಾರ್ಕಿನ ಬೀದಿಯವು: ಜಾಝ್, ಹೋಟೆಲು, ಕತ್ತಲೆ ಗಲ್ಲಿ. ಡೇವ್ ಫ್ಲೈಶರ್ ಚಿತ್ರಕಾರರ ಮೇಜಿನಿಂದ ಮೇಜಿಗೆ ಓಡಾಡುತ್ತಾ ಪ್ರತಿ ದೃಶ್ಯದಲ್ಲೂ ಒಂದು ತಮಾಷೆ ಇರಲೇಬೇಕು ಅಂತ ಒತ್ತಾಯಿಸುತ್ತಿದ್ದರು. ಕಥೆಗೆ ಹೊಂದಲಿ ಬಿಡಲಿ. ಅದಕ್ಕೇ ಆ ಚಿತ್ರಗಳಲ್ಲಿ ಮೂಲೆ ಮೂಲೆಯಲ್ಲೂ ಏನೋ ನಡೆಯುತ್ತಿರುತ್ತದೆ, ಕನಸಿನಲ್ಲಿ ನಡೆದ ಹಾಗೆ.

1931ರ ‘ಬಿಂಬೋಸ್ ಇನಿಶಿಯೇಶನ್’ನಲ್ಲಿ ಬಿಂಬೋ ಎಂಬ ನಾಯಿ ದಾರಿಯಲ್ಲಿ ಹೋಗುತ್ತಾ ಮ್ಯಾನ್‌ಹೋಲಿಗೆ ಬೀಳುತ್ತಾನೆ. ಕೆಳಗೆ ತಲೆ ಮೇಲೆ ಮೇಣದಬತ್ತಿ ಹೊತ್ತ ಗುಪ್ತ ಸಂಘದವರು ‘ಸದಸ್ಯನಾಗುತ್ತೀಯಾ?’ ಅಂತ ಕೇಳುತ್ತಾರೆ. ಅವನು ಒಲ್ಲೆ ಅನ್ನುತ್ತಾನೆ. ಒಲ್ಲೆ ಅಂದಾಗಲೆಲ್ಲ ಹೊಸ ಬಲೆ, ಹೊಸ ಬಾಗಿಲು, ಹೊಸ ಏಟು. ಕೊನೆಗೆ ಅವನು ಒಪ್ಪುವುದು ಆ ಸಂಘದ ಒಬ್ಬರು ಮುಖವಾಡ ತೆಗೆದು, ಒಳಗಿರುವುದು ಫ್ಲೈಶರ್ ನಾಯಕಿ ಬೆಟ್ಟಿ ಬೂಪ್ ಅಂತ ಗೊತ್ತಾದ ಮೇಲೆ. ಬೆಟ್ಟಿಯೂ ಆಗ ಪೂರ್ತಿ ಮನುಷ್ಯಳಲ್ಲ. 1930ರಲ್ಲಿ ಹುಟ್ಟಿದಾಗ ಅವಳಿಗೆ ಜೋಲುವ ನಾಯಿಕಿವಿ ಇದ್ದವು. ಎರಡು ವರ್ಷದಲ್ಲಿ ಅವೇ ದುಂಡು ಓಲೆಗಳಾದವು. ಶಾಯಿಯ ಲೋಕದಲ್ಲಿ ಹೀಗೂ ಬಡ್ತಿ ಸಿಗುತ್ತದೆ!

1932ರ ‘ಮಿನ್ನಿ ದ ಮೂಚರ್’ ಶುರುವಾಗುವುದು ಜಾಝ್ ಗಾಯಕ ಕ್ಯಾಬ್ ಕ್ಯಾಲೊವೇ ತಮ್ಮ ವಾದ್ಯವೃಂದದ ಮುಂದೆ ಕುಣಿಯುವುದರಿಂದ. ಆಮೇಲೆ ಕಾರ್ಟೂನು. ಬೆಟ್ಟಿ ಅಪ್ಪ-ಅಮ್ಮನ ಮೇಲೆ ಮುನಿಸಿಕೊಂಡು ಮನೆ ಬಿಡುತ್ತಾಳೆ. ಬೈಯುತ್ತಿರುವ ಅಪ್ಪನ ತಲೆ ಗ್ರಾಮಫೋನ್ ಆಗುತ್ತದೆ. ಅಮ್ಮ ಸಾವಧಾನವಾಗಿ ರೆಕಾರ್ಡು ಬದಲಿಸುತ್ತಾಳೆ. ಗುಹೆಯಲ್ಲಿ ಒಂದು ಬಿಳಿ ದೆವ್ವ, ವಾಲ್‌ರಸ್ ಪ್ರಾಣಿಯ ಆಕಾರದ್ದು, ಕ್ಯಾಲೊವೇ ಧ್ವನಿಯಲ್ಲಿ ಹಾಡುತ್ತಾ ಕುಣಿಯುತ್ತದೆ. ಆ ಕುಣಿತ ಕ್ಯಾಲೊವೇ ಅವರದೇ, ರೋಟೋಸ್ಕೋಪಿನಲ್ಲಿ ಇಳಿಸಿದ್ದು. ನಿಮ್ಮ ಕಸಿವಿಸಿಯ ಮೂಲ ಇಲ್ಲಿದೆ ಅಂತ ನನಗನ್ನಿಸುತ್ತದೆ. ಸುತ್ತ ಎಲ್ಲವೂ ಮೂಳೆ ಇಲ್ಲದ ರಬ್ಬರು. ಅದರ ನಡುವೆ ಒಂದೇ ಒಂದು ಆಕೃತಿಗೆ ನಿಜವಾದ ಮನುಷ್ಯನ ತೂಕ, ನಿಜವಾದ ಸೊಂಟದ ತಿರುವು. ಆದರೆ ಅದು ದೆವ್ವ! ಇದ್ದುದರಲ್ಲಿ ಹೆಚ್ಚು ಜೀವ ಇರುವುದು ಸತ್ತವನಿಗೇ. ಮರುವರ್ಷದ ‘ಸ್ನೋ ವೈಟ್’ನಲ್ಲಿ ಇದೇ ತಂತ್ರ ಇನ್ನೂ ಮುಂದೆ ಹೋಗುತ್ತದೆ. ಅದನ್ನು ಬಹುಪಾಲು ರೋಲಂಡ್ ಕ್ರ್ಯಾಂಡಲ್ ಒಬ್ಬರೇ ಬರೆದರು. ಕೋಕೋ ದೆವ್ವವಾಗಿ ಉದ್ದ ಕಾಲು ಹಾಕುತ್ತಾ ಸಾವಿನ ಹಾಡು ಹಾಡುತ್ತಾನೆ. ಹಾಡುತ್ತಲೇ ಮೈ ಸರಪಣಿಯ ತುದಿಯ ಚಿನ್ನದ ನಾಣ್ಯವಾಗುತ್ತದೆ, ಹೆಂಡದ ಬಾಟಲಿಯಾಗುತ್ತದೆ. ಈ ಏಳು ನಿಮಿಷದ ಚಿತ್ರವನ್ನು ನಾನು ಡಿಸ್ನಿಯ 1937ರ ‘ಸ್ನೋ ವೈಟ್’ಗಿಂತ ಮೇಲೆ ಇಡುತ್ತೇನೆ. ಜಗಳಕ್ಕೆ ಬರುವವರು ಬರಬಹುದು.

ಇದೆಲ್ಲ ಯಾಕೆ ನಿಂತಿತು ಅಂದರೆ, 1934ರ ಮಧ್ಯದಿಂದ ಹಾಲಿವುಡ್ಡಿನ ನೀತಿ ಸಂಹಿತೆ ಬಿಗಿಯಾಯಿತು, ಬೆಟ್ಟಿಯ ಲಂಗ ಉದ್ದವಾಯಿತು. 1932ರಿಂದ ಬಣ್ಣ ಬಂತು. ಅದೇ ವರ್ಷ ಡಾನ್ ಗ್ರಹಾಂ ಎಂಬ ಕಲಾ ಶಿಕ್ಷಕರು ಡಿಸ್ನಿ ಚಿತ್ರಕಾರರಿಗೆ ಮನುಷ್ಯದೇಹ ಬರೆಯುವ ಪಾಠ ಶುರು ಮಾಡಿದರು. ಪಾತ್ರಗಳಿಗೆ ಮೊಣಕೈ ಬಂತು, ತೂಕ ಬಂತು, ತೂಕದ ಜೊತೆ ದುಃಖವೂ ಬಂತು. ಅದು ದೊಡ್ಡ ಸಾಧನೆಯೇ. ಆದರೆ ಮೂಳೆ ಇರುವವನು ಚೀಲವಾಗಲು ಸಾಧ್ಯವಿಲ್ಲ. ವಾರ್ನರ್ ಸ್ಟುಡಿಯೋದವರು ಮಾತ್ರ ‘ಲೂನಿ ಟ್ಯೂನ್ಸ್’ ಸರಣಿಯಲ್ಲಿ 1943ರವರೆಗೂ ಕಪ್ಪು-ಬಿಳುಪು ಉಳಿಸಿಕೊಂಡಿದ್ದರು. ಬಾಬ್ ಕ್ಲಾಂಪೆಟ್ ಅವರ 1938ರ ‘ಪೋರ್ಕಿ ಇನ್ ವ್ಯಾಕಿಲ್ಯಾಂಡ್’ ಆ ಹುಚ್ಚಾಟದ ಒಳ್ಳೆಯ ಕೊನೆಯ ಪಟಾಕಿ.

ಮಗಳಿಗೆ ತೋರಿಸಬಹುದೇ? ತೋರಿಸಿ, ಆದರೆ ಮೊದಲು ನೀವು ನೋಡಿ. ಅಸ್ಥಿಪಂಜರ, ದೆವ್ವದ ಬಗ್ಗೆ ನನಗೆ ಚಿಂತೆ ಇಲ್ಲ. ಚಿಂತೆ ಇರುವುದು ಬೇರೆ ವಿಷಯದಲ್ಲಿ. ಆ ಕಾಲದ ಅಮೆರಿಕದ ನಾಟಕಗಳಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯ ಜನರನ್ನು ಗೇಲಿ ಮಾಡುವ ಪದ್ಧತಿ ಇತ್ತು. ಕಪ್ಪು ಮೈ, ದೊಡ್ಡ ಕಣ್ಣು, ಅಗಲ ಬಾಯಿ, ಬಿಳಿ ಕೈಗವಸು: ಕಾರ್ಟೂನಿನ ವೇಷದಲ್ಲಿ ಅದರ ನೆರಳಿದೆ. ಕೈಗವಸಿಗೆ ಕಸುಬಿನ ಕಾರಣವೂ ಇತ್ತು ನಿಜ. ಕಪ್ಪು ಮೈ ಮುಂದೆ ಕಪ್ಪು ಕೈ ಕಾಣುವುದಿಲ್ಲ. ‘ಸ್ಟೀಮ್‌ಬೋಟ್ ವಿಲ್ಲಿ’ಯಲ್ಲಿ ಬರಿಗೈಯಲ್ಲಿದ್ದ ಮಿಕ್ಕಿ 1929ರಲ್ಲಿ ಗವಸು ತೊಟ್ಟ. ಆದರೆ 1930ರ ವಾರ್ನರ್ ಪಾತ್ರ ಬಾಸ್ಕೋ ನೇರವಾಗಿ ಆ ಮಸಿವೇಷದ ಮಗ. ಕರಿಯರು, ಚೀನೀಯರು, ಯಹೂದಿಗಳನ್ನು ಹೀನವಾಗಿ ತೋರಿಸುವ ದೃಶ್ಯಗಳು ಎಷ್ಟೋ ಚಿತ್ರಗಳಲ್ಲಿ ತಟಕ್ಕನೆ ಬರುತ್ತವೆ. ಅಂಥವನ್ನು ಪುಟ್ಟ ಮಕ್ಕಳಿಗೆ ತೋರಿಸುವ ಅಗತ್ಯ ಇಲ್ಲ. ಇನ್ನೊಂದು: ಮೇಲೆ ಹೇಳಿದ ಮೊದಲ ಫೆಲಿಕ್ಸ್ ಚಿತ್ರ ಮುಗಿಯುವುದು ಬೆಕ್ಕು ಗ್ಯಾಸ್ ಕುಡಿದು ಆತ್ಮಹತ್ಯೆ ಮಾಡಿಕೊಳ್ಳುವುದರಲ್ಲಿ, ಅದೂ ತಮಾಷೆಯಾಗಿ. ‘ಮೊದಲನೆಯದರಿಂದಲೇ ಶುರು ಮಾಡೋಣ’ ಅಂತ ಹೋಗಬೇಡಿ.

ನಾನಾದರೆ ‘ಫೆಲಿಕ್ಸ್ ಇನ್ ಹಾಲಿವುಡ್’ನಿಂದ ಶುರು ಮಾಡುತ್ತೇನೆ. ಮೂಕಿ ಚಿತ್ರ, ನಡುನಡುವೆ ಬರುವ ಇಂಗ್ಲಿಷ್ ಬರಹವನ್ನು ನೀವು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿದರೆ ಸಾಕು. ಆಮೇಲೆ ‘ಅರ್ತ್ ಕಂಟ್ರೋಲ್’, ‘ಸ್ಕೆಲಿಟನ್ ಡ್ಯಾನ್ಸ್’. ಕತ್ತಲೆಗೆ ಹೆದರದ ಮಗು ಅಂತಾದರೆ ‘ಬಿಂಬೋ’. ‘ಮಿನ್ನಿ’ ಮತ್ತು ‘ಸ್ನೋ ವೈಟ್’ ಅವಳು ಮಲಗಿದ ಮೇಲೆ ನಿಮಗೆ. ಮನೆಯಲ್ಲಿ ವಿಡಿಯೋ ಗೇಮ್ ಆಡುವ ದೊಡ್ಡ ಮಕ್ಕಳಿದ್ದರೆ 2017ರ ‘ಕಪ್‌ಹೆಡ್’ ಹೆಸರು ಕೇಳಿರುತ್ತಾರೆ. ಅದರ ಪಾತ್ರಗಳನ್ನು ಇದೇ ಶೈಲಿಯಲ್ಲಿ, ಕಾಗದದ ಮೇಲೆ ಕೈಯಿಂದಲೇ ಬರೆದಿದ್ದಾರೆ. ಅಜ್ಜ ಯಾರು ಅಂತ ಅವರಿಗೂ ತೋರಿಸಬಹುದು.

ಚಿತ್ರದ ಯಾವ ಪ್ರತಿ ನೋಡಬೇಕು ಅಂತ ಆರಿಸುವಾಗ ಹುಷಾರು. ಅಮೆರಿಕದಲ್ಲಿ ‘ಸ್ಟೀಮ್‌ಬೋಟ್ ವಿಲ್ಲಿ’ಯ ಹಕ್ಕು 2024ರ ಜನವರಿ 1ಕ್ಕೆ ಮುಗಿದಿದೆ. ಹಕ್ಕು ಮುಗಿದ ಹಳೆಯ ಚಿತ್ರಗಳ ನೂರಾರು ಪ್ರತಿಗಳು ಸಿಗುತ್ತವೆ, ಅರ್ಧಕ್ಕರ್ಧ ಕಳಪೆ. ಬಣ್ಣದ ಪ್ರತಿ ಸಿಕ್ಕರೆ ಮುಟ್ಟಬೇಡಿ. 1960ರ ದಶಕದ ಕೊನೆಯಿಂದ ಇಂಥ ಎಷ್ಟೋ ಕಾರ್ಟೂನುಗಳನ್ನು ದಕ್ಷಿಣ ಕೊರಿಯಾಕ್ಕೆ ಕಳಿಸಿ, ಅಗ್ಗದಲ್ಲಿ ಗೆರೆ ನಕಲು ಮಾಡಿಸಿ ಬಣ್ಣ ತುಂಬಿಸಿದರು. ನಡುನಡುವಿನ ಎಷ್ಟೋ ಹಾಳೆಗಳನ್ನು ಬಿಟ್ಟುಬಿಟ್ಟರು, ಆದ್ದರಿಂದ ಆ ಬಳುಕೇ ಸತ್ತುಹೋಗಿದೆ. ಮೂಕಿ ಕಾರ್ಟೂನು ವಿಪರೀತ ವೇಗವಾಗಿ ಓಡುತ್ತಿದ್ದರೆ ಯೂಟ್ಯೂಬಿನಲ್ಲೇ ವೇಗವನ್ನು 0.75ಕ್ಕೆ ಇಳಿಸಿ ನೋಡಿ. ಮಿಕ್ಕಂತೆ, ಒಂದು ಸಲಕ್ಕೆ ಎರಡಕ್ಕಿಂತ ಜಾಸ್ತಿ ಬೇಡ. ಚಿತ್ರಮಂದಿರದಲ್ಲಿ ಮುಖ್ಯ ಸಿನಿಮಾಕ್ಕೆ ಮೊದಲು ಸುದ್ದಿಚಿತ್ರದ ಜೊತೆ ಒಂದೇ ಒಂದು ತೋರಿಸಲೆಂದು ಮಾಡಿದವು ಇವು. ಸಾಲಾಗಿ ಐದಾರು ನೋಡಿದರೆ ಎಂಥವರಿಗೂ ತಲೆ ಸುತ್ತುತ್ತದೆ.